ಪೀಚ್ ಮರ ಕಡಿದ ಕಣಿವೆ

ಈ ಸಲ ಅಮೆರಿಕದ ಅರಿಜೋನಾಗೆ ಹೋಗೋಣ. ಗ್ರ್ಯಾಂಡ್ ಕ್ಯಾನಿಯನ್‌ಗೆ ಅಲ್ಲ, ಅದರ ರೀಲ್ಸ್ ಎಲ್ಲರೂ ನೋಡಿರ್ತೀರಿ. ನಾನು ಹೇಳ್ತಿರೋದು ಚಿನ್‌ಲೀ ಅನ್ನೋ ಸಣ್ಣ ಊರಿನ ಪಕ್ಕದ ಕಣಿವೆ ಬಗ್ಗೆ. ಹೆಸರು ಕ್ಯಾನಿಯನ್ ಡಿ ಶೇ. ನವಾಹೋ ಭಾಷೆಯಲ್ಲಿ ‘ತ್ಸೇಯಿ’ ಅಂದ್ರೆ ಬಂಡೆಯ ಒಳಗೆ. ಸ್ಪ್ಯಾನಿಷರ ಬಾಯಲ್ಲಿ ಅದು ‘ಶೇ’ ಆಯ್ತು.

ಕಣಿವೆಯ ಬಾಯಲ್ಲಿ ಗೋಡೆ ಬರೀ ಒಂಬತ್ತು ಮೀಟರ್. ಒಳಗೆ ಹೋಗ್ತಾ ಹೋಗ್ತಾ ಅದೇ ಕೆಂಪು ಗೋಡೆ 300 ಮೀಟರ್ ಆಗುತ್ತೆ. ಮೇಲಿನ ರಸ್ತೆಯಿಂದ ಯಾರು ಬೇಕಾದ್ರೂ ನೋಡಬಹುದು. ಕೆಳಗಿಳಿದು ನಡೀಬೇಕು ಅಂದ್ರೆ ನವಾಹೋ ಗೈಡ್ ಜೊತೆಗಿರಬೇಕು. 1931ರಲ್ಲಿ ಇದು ರಾಷ್ಟ್ರೀಯ ಸ್ಮಾರಕ ಆಯ್ತು ನಿಜ, ಆದ್ರೆ ನೆಲ ಮಾತ್ರ ನವಾಹೋ ಜನರದ್ದೇ. ಕೆಳಗೆ ಜೋಳದ ಹೊಲ, ಕುರಿ, ಮನೆ ಎಲ್ಲಾ ಇದೆ. ನಮ್ಮ ಮನೆ ಹಿತ್ತಲಿಗೆ ಯಾರೋ ಕ್ಯಾಮೆರಾ ಹಿಡ್ಕೊಂಡು ನುಗ್ಗಿದ್ರೆ ನಾವು ಸುಮ್ನಿರ್ತೀವಾ?

ಈ ನಿಯಮದ ಹಿಂದಿನ ನೆನಪುಗಳು ಕಹಿ. 1805ರಲ್ಲಿ ಸ್ಪ್ಯಾನಿಷ್ ಸೈನ್ಯ ಇಲ್ಲಿಗೆ ಬಂತು. ಬಂಡೆಯ ಎತ್ತರದ ಪೊಟರೆಯೊಂದರಲ್ಲಿ ಅಡಗಿದ್ದವರನ್ನ ಗುಂಡಿಟ್ಟು ಕೊಂದರು. ಸತ್ತವರು 115, ಅದರಲ್ಲಿ 90 ಜನ ಯೋಧರು ಅಂತ ಸೈನ್ಯದ ವರದಿ. ಅಲ್ಲಿದ್ದದ್ದು ಹೆಂಗಸರು, ಮಕ್ಕಳು, ಮುದುಕರು ಅಂತ ನವಾಹೋ ಜನರ ಮಾತು. ನಾನು ಎರಡನೆಯದನ್ನ ನಂಬ್ತೀನಿ. ಗೆದ್ದವರು ಬರೆದ ಲೆಕ್ಕವನ್ನ ಆಡಿಟ್ ಮಾಡೋರು ಆಗ ಯಾರೂ ಇರಲಿಲ್ಲ.

ಆಮೇಲೆ ಬಂದದ್ದು ಅಮೆರಿಕ. 1864ರ ಜನವರಿಯಲ್ಲಿ ಕಿಟ್ ಕಾರ್ಸನ್‌ನ ಪಡೆ ಹಿಮದಲ್ಲೇ ಕಣಿವೆಗೆ ಬಂತು. ದೊಡ್ಡ ಯುದ್ಧವೇನೂ ನಡೀಲಿಲ್ಲ. ಬೆಳೆ ಸುಟ್ಟು, ಕುರಿ ಹೊಡ್ಕೊಂಡು ಹೋಗಿ, ಜನ ಹಸಿವಿನಿಂದ ಶರಣಾಗೋ ಹಾಗೆ ಮಾಡೋದೇ ಪ್ಲಾನ್. ಅದೇ ವರ್ಷ ಬೇಸಿಗೆಯಲ್ಲಿ ಸೈನಿಕರು ವಾಪಸ್ ಬಂದು ಸಾವಿರಾರು ಪೀಚ್ ಮರ ಕಡಿದರು. ಕುರಿ ಹೋದ್ರೆ ಒಂದೆರಡು ವರ್ಷದಲ್ಲಿ ಮತ್ತೆ ಮಂದೆ ಕಟ್ಟಬಹುದು. ಫಲ ಕೊಡೋ ಮರ ಕಡಿದ್ರೆ? ತೆಂಗಿನ ತೋಟ ಇರೋರನ್ನ ಕೇಳಿ, ಹೇಳ್ತಾರೆ.

ಎಂಟು ಸಾವಿರಕ್ಕೂ ಹೆಚ್ಚು ಜನರನ್ನ, ಗುಂಪು ಗುಂಪಾಗಿ, 450 ಕಿಲೋಮೀಟರಿಗೂ ದೂರ ನಡೆಸಿಕೊಂಡು ಹೋದರು. ಪೆಕೋಸ್ ನದಿ ದಂಡೆಯ ಬಾಸ್ಕೆ ರೆಡಾಂಡೊ ಅನ್ನೋ ಬಯಲಿಗೆ. ನೀರು ಉಪ್ಪುಪ್ಪು, ಬೆಳೆಗೆ ಹುಳ, ಸೌದೆಗೆ ಮೈಲಿಗಟ್ಟಲೆ ನಡಿಗೆ. ನಾಲ್ಕು ವರ್ಷದಲ್ಲಿ ಎಷ್ಟೋ ಜನ ಅಲ್ಲೇ ತೀರಿಕೊಂಡರು.

1868ರಲ್ಲಿ ಜನರಲ್ ಶರ್ಮನ್ ಮಾತುಕತೆಗೆ ಬಂದ. ಬೇಕಾದ್ರೆ ಇನ್ನೂ ಪೂರ್ವಕ್ಕೆ, ಈಗಿನ ಓಕ್ಲಹೋಮಾ ಕಡೆಗೆ ಕಳಿಸ್ತೀವಿ ಅಂದ. ಈ ಕಣಿವೆಯ ಸೀಮೆಯವನೇ ಆದ ನಾಯಕ ಬಾರ್ಬೊನ್ಸಿಟೊ ಒಪ್ಪಲಿಲ್ಲ, ನಮ್ಮ ನೆಲ ಬಿಟ್ಟು ಬೇರೆಲ್ಲೂ ಬೇಡ ಅಂತ ಪಟ್ಟು ಹಿಡಿದ. ಜೂನ್ 1ಕ್ಕೆ ಒಪ್ಪಂದ ಆಯ್ತು, ಜನ ಊರಿಗೆ ಹೊರಟರು. ಆ ಕಾಲದಲ್ಲಿ ಓಡಿಸಿದ ನೆಲಕ್ಕೇ ವಾಪಸ್ ಬಂದ ಮೂಲನಿವಾಸಿಗಳು ಬಹಳ ಕಡಿಮೆ.

ನಾನು ಓದಿದ್ದು ಕಾಮರ್ಸ್, ಹಾಗಾಗಿ ಒಪ್ಪಂದದಲ್ಲಿ ನನ್ನ ಕಣ್ಣು ಹೋದದ್ದು ಒಂದು ಸಾಲಿನ ಮೇಲೆ. ಸರ್ಕಾರ 15,000 ಕುರಿ-ಮೇಕೆ ಕೊಡಿಸಬೇಕು, ಖರ್ಚು 30,000 ಡಾಲರ್ ದಾಟಬಾರದು. ಅಂದ್ರೆ ತಲೆಗೆ ಎರಡು ಡಾಲರ್! ಎಂಟು ಸಾವಿರ ಜನಕ್ಕೆ ಹಂಚಿದ್ರೆ ಒಬ್ಬರಿಗೆ ಎರಡು ಕುರಿಯೂ ಬರಲ್ಲ. ಅಷ್ಟರಿಂದಲೇ ಮತ್ತೆ ಮಂದೆ ಬೆಳೆಸಿದರು.

ಈಗ ಹೋಗೋರು ವೈಟ್ ಹೌಸ್ ನೋಡ್ತಾರೆ. ಟ್ರಂಪ್‌ದಲ್ಲ ಮಾರಾಯ್ರೆ, ಬಂಡೆಯ ಪೊಟರೆಯಲ್ಲಿ ನವಾಹೋಗಳಿಗೂ ಹಿಂದಿನ ಪ್ಯುಯೆಬ್ಲೊ ಜನ ಸುಮಾರು ಸಾವಿರ ವರ್ಷದ ಕೆಳಗೆ ಕಟ್ಟಿದ ಮನೆಗಳು. 1873ರಲ್ಲಿ ಟಿಮೊಥಿ ಒ’ಸುಲಿವನ್ ತೆಗೆದ ಅದರ ಫೋಟೊ ಜಗತ್ಪ್ರಸಿದ್ಧ. ನೀವು ಹೋದ್ರೆ ಅದನ್ನ ನೋಡಿ, ಗೈಡ್‌ನ ಮಾತ್ರ ಪೀಚ್ ತೋಟದ ಬಗ್ಗೆ ಕೇಳಿ. ವಾಪಸ್ ಬಂದವರು ಮತ್ತೆ ನೆಟ್ಟರು. ಕಣಿವೆಯೊಳಗೆ ಈಗಲೂ ಪೀಚ್ ಹಣ್ಣು ಬಿಡುತ್ತೆ.