ಜೋಗೇಶ್ವರಿಯ ಗುಡ್ಡವೂ ಬೆಳಗುವ ನಕ್ಷತ್ರವೂ

ಜೋಗೇಶ್ವರಿ ಎಂದೊಡನೆ ಇತಿಹಾಸಾಸಕ್ತರಿಗೆ ಅಲ್ಲಿಯ ಗುಹಾದೇವಾಲಯ ನೆನಪಾಗುವುದು ಸಹಜ. ಅದೇ ಊರಿನ ಗುಡ್ಡದ ಮೇಲೆ 1930ರಲ್ಲಿ ಆರಂಭವಾದ ಇಸ್ಮಾಯಿಲ್ ಯೂಸುಫ್ ಕಾಲೇಜನ್ನು ವಿಜ್ಞಾನದ ಇತಿಹಾಸದೊಡನೆ ಸೇರಿಸಿ ನೆನೆಯುವವರು ವಿರಳ. ಆ ದಶಕದಲ್ಲಿ ಅಲ್ಲಿ ಇಂಟರ್‌ಮೀಡಿಯೆಟ್ ಓದಿದ ಸೌರಾಷ್ಟ್ರದ ತರುಣನೊಬ್ಬನ ಹೆಸರು ಇಂದು ಸಾಪೇಕ್ಷತಾ ಸಿದ್ಧಾಂತದ ಪಠ್ಯಗಳಲ್ಲೆಲ್ಲ ಇದೆ. ಆತ ಪ್ರಹ್ಲಾದ ಚುನಿಲಾಲ ವೈದ್ಯ.

ವೈದ್ಯರು ಹುಟ್ಟಿದ್ದು 1918ರಲ್ಲಿ. ಜರ್ಮನಿಯ ಗಾಟಿಂಗೆನ್ನಿನಲ್ಲಿ ಎಮ್ಮಿ ನೋಥರ್ ತಮ್ಮ ಪ್ರಮೇಯವನ್ನು ಪ್ರಕಟಿಸಿದ್ದೂ ಅದೇ ವರ್ಷ. ಕಾಕತಾಳೀಯವೇ ಸರಿ, ಆದರೆ ಇಬ್ಬರ ಕೆಲಸಕ್ಕೂ ಮೂಲಪ್ರಶ್ನೆ ಒಂದೇ ಆಗಿತ್ತು. ಐನ್‌ಸ್ಟೈನರ ಸಿದ್ಧಾಂತದಲ್ಲಿ ಶಕ್ತಿಯ ಲೆಕ್ಕ ಕೂಡಿಬರುವುದೇ?

ಪ್ರಕೃತಿನಿಯಮ ಇಂದಿನಂತೆಯೇ ನಾಳೆಯೂ ಇರುವುದಾದರೆ ಶಕ್ತಿ ಅಳಿಯದು, ಎಂಬುದು ನೋಥರ್ ಅವರ ಪ್ರಮೇಯದ ಒಂದು ಫಲ. ವಕ್ರವಾದ ದೇಶಕಾಲದಲ್ಲಾದರೋ ಕಾಲ ಸರಿದಂತೆ ಕ್ಷೇತ್ರವೇ ಮಾರ್ಪಡಬಹುದು. ವಿದ್ಯುತ್ಕಾಂತ ಕ್ಷೇತ್ರದ ಶಕ್ತಿ ಮತ್ತು ಸಂವೇಗಗಳ ನಿಯಮ ಪ್ರತಿಯೊಂದು ಬಿಂದುವಿನಲ್ಲೂ ನಿಲ್ಲುತ್ತದೆ. ಬಿಂದು ಬಿಂದುಗಳನ್ನು ಕೂಡಿಸಹೊರಟಾಗ ತೊಡಕು ಮೊದಲಾಗುತ್ತದೆ. ವಿದ್ಯುದಾವೇಶಕ್ಕೆ ಈ ತೊಡಕಿಲ್ಲ. ಅದು ಬರಿಯ ಸಂಖ್ಯೆ. ದೇಶಕಾಲ ಹೇಗೇ ಬಾಗಿರಲಿ, ಒಟ್ಟು ಮೊತ್ತ ಉಳಿಯುತ್ತದೆ. ಶಕ್ತಿಯಾದರೋ ದಿಕ್ಕುಳ್ಳ ರಾಶಿಯ ಒಂದು ಅಂಶ. ಇಲ್ಲಿಯ ದಿಕ್ಕಿಗೂ ದೂರದ ದಿಕ್ಕಿಗೂ ಹೊಂದಾಣಿಕೆ ಇಲ್ಲದಿದ್ದರೆ ಯಾವುದನ್ನು ಯಾವುದಕ್ಕೆ ಕೂಡಿಸುವುದು? ಆ ಹೊಂದಾಣಿಕೆಯನ್ನು ಕೊಡುವ ಸೌಷ್ಠವದ ದಿಕ್ಕಿಗೆ ವಿಲ್‌ಹೆಲ್ಮ್ ಕಿಲ್ಲಿಂಗ್ ಎಂಬ ಗಣಿತಜ್ಞನ ಹೆಸರಿದೆ. "ಐನ್‌ಸ್ಟೈನನು ಶಕ್ತಿಯ ನಿತ್ಯತೆಯನ್ನು ಮುರಿದನು" ಎಂದು ಸುಲಭವಾಗಿ ಹೇಳುವವರು ಈ ಭೇದವನ್ನು ಗಮನಿಸುವುದಿಲ್ಲ.

1942ರಲ್ಲಿ ವೈದ್ಯರು ಹೆಂಡತಿ ಮತ್ತು ಎಳೆಯ ಮಗುವಿನೊಡನೆ, ಉಳಿತಾಯದ ಅಲ್ಪ ಹಣವನ್ನೇ ನಂಬಿ ಕಾಶಿಗೆ ಹೋದರು. ಅಲ್ಲಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ವಿ. ವಿ. ನಾರ್ಳೀಕರರು ಗುರುಗಳಾಗಿ ದೊರೆತರು. ನಕ್ಷತ್ರದ ಹೊರಗಣ ಕ್ಷೇತ್ರಕ್ಕೆ ಶ್ವಾರ್ಟ್ಸ್‌ಚೈಲ್ಡ್ 1916ರಲ್ಲಿ ಕೊಟ್ಟ ಉತ್ತರದಲ್ಲಿ ನಕ್ಷತ್ರದ ಸುತ್ತಲೂ ಶೂನ್ಯ. ಆದರೆ ಬೆಳಗುವ ನಕ್ಷತ್ರದ ಸುತ್ತ ಶೂನ್ಯವೆಲ್ಲಿ? ಬೆಳಕಿದೆ. ಬೆಳಕಿಗೆ ಶಕ್ತಿಯಿದೆ, ಆದ್ದರಿಂದ ಅದೂ ದೇಶಕಾಲವನ್ನು ಬಾಗಿಸುತ್ತದೆ. ನಮ್ಮ ಸೂರ್ಯನು ಬೆಳಕಿನ ರೂಪದಲ್ಲಿ ಸೆಕೆಂಡಿಗೆ ಸುಮಾರು 42 ಲಕ್ಷ ಟನ್ ದ್ರವ್ಯವನ್ನು ಕಳೆದುಕೊಳ್ಳುತ್ತಾನೆ. ಈ ಖರ್ಚನ್ನು ಒಳಗೊಂಡ ನಿಖರವಾದ ಉತ್ತರವನ್ನು ವೈದ್ಯರು ಕಂಡುಹಿಡಿದರು. ದ್ರವ್ಯರಾಶಿ ಕ್ಷಣಕ್ಷಣಕ್ಕೂ ಇಳಿಯುವುದರಿಂದ ಅಲ್ಲಿ ಕಾಲದ ಸೌಷ್ಠವವಿಲ್ಲ. ಆದರೂ ಕ್ಷೇತ್ರ ತೆಳುವಾಗುವ ಅತಿದೂರದಲ್ಲಿ ನಿಂತು ಎಣಿಸಿದರೆ, ನಕ್ಷತ್ರ ಕಳೆದುಕೊಂಡದ್ದೂ ಬೆಳಕು ಹೊತ್ತೊಯ್ದದ್ದೂ ಸಮ. ಒಂದು ಮಾತು ಹೇಳಲೇಬೇಕು: ಇಲ್ಲಿಯ ಬೆಳಕು ಸುಸಂಬದ್ಧ ವಿದ್ಯುತ್ಕಾಂತ ತರಂಗವಲ್ಲ, ಎಲ್ಲ ದಿಕ್ಕಿಗೂ ಸಮನಾಗಿ ಹರಿಯುವ ಕಿರಣಗಳ ಸರಾಸರಿ. ಅಂಥ ಗೋಲಾಕಾರದ ತರಂಗವನ್ನು ಮ್ಯಾಕ್ಸ್‌ವೆಲ್ಲನ ಸಮೀಕರಣಗಳೇ ಒಪ್ಪವು.

ಕನ್ನಡಿಗರಿಗೆ ಸಂತೋಷ ಕೊಡುವ ಸಂಗತಿಯೆಂದರೆ, ಈ ಲೇಖನ 1943ರಲ್ಲಿ ಅಚ್ಚಾದುದು ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ವಿದ್ವಾಂಸರು ಅದರತ್ತ ಹೊರಳಿ ನೋಡಲು 1963ರಲ್ಲಿ ಕ್ವೇಸಾರುಗಳ ಗುಟ್ಟು ಬಯಲಾಗುವವರೆಗೆ ಕಾಯಬೇಕಾಯಿತು.

ಇಪ್ಪತ್ತೈದು ವರ್ಷಗಳ ಅನಂತರ, 1968ರಲ್ಲಿ, ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ ಅಮೆರಿಕದಲ್ಲಿದ್ದು ಕಿಲ್ಲಿಂಗನ ದಿಕ್ಕುಗಳಿಂದಲೇ ಕೃಷ್ಣರಂಧ್ರದ ಗಡಿಯನ್ನು ವಿವರಿಸಿದರು. 1970ರಲ್ಲಿ, ಕಲಕಿದ ಕೃಷ್ಣರಂಧ್ರವು ಘಂಟೆಯಂತೆ ಮಿಡಿದು ಶಾಂತವಾಗುವುದೆಂದು ಗಣಿಸಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಎರಡು ಕೃಷ್ಣರಂಧ್ರಗಳು ಒಂದಾದ ಸುದ್ದಿ ಭೂಮಿಯನ್ನು ಮುಟ್ಟಿದಾಗ ಲೆಕ್ಕ ಮತ್ತೆ ಅದೇ ಬಗೆಯದಾಗಿತ್ತು: ಸುಮಾರು ಮೂರು ಸೂರ್ಯರಷ್ಟು ದ್ರವ್ಯ ಕಡಿಮೆ, ಅಷ್ಟೂ ಈ ಸಲ ಬೆಳಕಾಗಿ ಅಲ್ಲ, ಗುರುತ್ವದ ಅಲೆಗಳಾಗಿ ಹೊರಟುಹೋಗಿತ್ತು. ವೈದ್ಯರು 2010ರಲ್ಲೇ ತೀರಿಕೊಂಡಿದ್ದರು. ವಿಶ್ವೇಶ್ವರ ಆ ಸುದ್ದಿಯನ್ನು ಕೇಳಿ, 2017ರ ಜನವರಿಯಲ್ಲಿ ಕಣ್ಮುಚ್ಚಿದರು.