ವೃದ್ಧ ರೋಗಿಗಳಲ್ಲಿ ನಿರ್ಜಲೀಕರಣದ ಪತ್ತೆ: ಕಣ್ಣಿಗೆ ಕಾಣುವ ಚಿಹ್ನೆಗಳು ಮತ್ತು ರಕ್ತದ ಲೆಕ್ಕ

ದೇಹದಲ್ಲಿ ನೀರಿನ ಕೊರತೆ ಎರಡು ಬಗೆಯಲ್ಲಿ ಉಂಟಾಗುತ್ತದೆ. ವಾಂತಿ, ಭೇದಿ, ರಕ್ತಸ್ರಾವಗಳಿಂದ ನೀರೂ ಲವಣವೂ ಒಟ್ಟಿಗೆ ನಷ್ಟವಾಗುವುದು ಒಂದು. ಕುಡಿಯುವ ನೀರೇ ಕಡಿಮೆಯಾಗಿ, ರಕ್ತದಲ್ಲಿ ಕರಗಿರುವ ಕಣಗಳ ಸಾಂದ್ರತೆ, ಅಂದರೆ ಆಸ್ಮೊಲಾಲಿಟಿ, ಏರುವುದು ಇನ್ನೊಂದು. ವಯಸ್ಸಾದವರ ವಾರ್ಡುಗಳಲ್ಲಿ ಕಣ್ತಪ್ಪಿ ಹೋಗುವುದು ಬಹುಮಟ್ಟಿಗೆ ಈ ಎರಡನೆಯದೇ. ಏಕೆಂದರೆ ಎದ್ದು ಕಾಣುವ ಕಾರಣವೇನೂ ಇಲ್ಲಿರುವುದಿಲ್ಲ, ಬಾಯಾರಿಕೆಯೂ ವಯಸ್ಸಿನೊಂದಿಗೆ ಮಂದವಾಗಿರುತ್ತದೆ. ಫಿಲಿಪ್ಸ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 24 ಗಂಟೆ ನೀರು ಬಿಟ್ಟಿದ್ದ ಆರೋಗ್ಯವಂತ ವೃದ್ಧರಿಗೆ ರಕ್ತದ ಸಾಂದ್ರತೆ ಯುವಕರಿಗಿಂತ ಹೆಚ್ಚು ಏರಿದ್ದರೂ ಬಾಯಾರಿಕೆ ಕಡಿಮೆಯಿತ್ತು. ಬಳಿಕ ಅವರು ಕುಡಿದ ನೀರೂ ಕಡಿಮೆಯೇ. ಆದ್ದರಿಂದ ನೀರು ಬೇಡವೆನ್ನುವ ರೋಗಿಯ ಮಾತನ್ನು ನೀರು ಸಾಕಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯಲಾಗದು.

ಚರ್ಮ ಚಿವುಟುವುದು, ನಾಲಿಗೆ ನೋಡುವುದು, ಮೂತ್ರದ ಬಣ್ಣ ಗಮನಿಸುವುದು ವಾರ್ಡಿನಲ್ಲಿ ರೂಢಿಯಾಗಿವೆ. ಆದರೆ ಮುಂಗೈಯ ಸಡಿಲ ಚರ್ಮದ ಮಡಿಕೆ ನಿಧಾನವಾಗಿ ಇಳಿಯಲು ಮುಪ್ಪೇ ಕಾರಣವಾಗಿರಬಹುದು. ಬಾಯಿಯಿಂದ ಉಸಿರಾಡುವವರ ನಾಲಿಗೆ ದೇಹದಲ್ಲಿ ನೀರಿದ್ದರೂ ಒಣಗಿರುತ್ತದೆ. ಮೂತ್ರವನ್ನು ಗಾಢಗೊಳಿಸುವ ಶಕ್ತಿ ಮೂತ್ರಪಿಂಡದಲ್ಲಿ ಕುಂದಿದವರಿಗೂ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೂ ಕೊರತೆಯ ನಡುವೆಯೇ ಮೂತ್ರ ತಿಳಿಯಾಗಿ ಹೋಗಬಹುದು. ಯುರೋಪಿನ ಎಸ್ಪೆನ್ ಸಂಸ್ಥೆಯ ಮಾರ್ಗಸೂಚಿ ಇಂಥ ಚಿಹ್ನೆಗಳ ಮೇಲೆ ನಿರ್ಧಾರ ನಿಲ್ಲಬಾರದೆಂದು ಹೇಳಿ, ನೇರವಾಗಿ ಅಳೆದ ಸೀರಂ ಆಸ್ಮೊಲಾಲಿಟಿ ಕಿಲೋಗ್ರಾಂಗೆ 300 ಮಿಲಿಆಸ್ಮೋಲ್ ದಾಟುವುದನ್ನು ಗಡಿಯಾಗಿ ಇಟ್ಟಿದೆ.

ಆ ಅಳತೆಯ ಉಪಕರಣವಿಲ್ಲದ ಕಡೆ ಖಜೂರಿಯಾ ಮತ್ತು ಕ್ರಾನ್ ಅವರ ಸೂತ್ರವನ್ನು ಬಳಸಬಹುದು: ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಮೊತ್ತವನ್ನು 1.86ರಿಂದ, ಗ್ಲೂಕೋಸನ್ನು 1.15ರಿಂದ ಗುಣಿಸಿ, ಯೂರಿಯಾವನ್ನೂ 14ನ್ನೂ ಕೂಡಿಸಿದಾಗ ಬರುವ ಮೊತ್ತ 295 ದಾಟಬಾರದು. ಇಲ್ಲಿ ಎಲ್ಲ ಅಂಕಿಗಳೂ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿರಬೇಕು. ಭಾರತದ ಪ್ರಯೋಗಾಲಯಗಳು ಸಾಮಾನ್ಯವಾಗಿ ಗ್ಲೂಕೋಸನ್ನೂ ಯೂರಿಯಾವನ್ನೂ ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ ಕೊಡುವುದರಿಂದ ಮೊದಲನೆಯದನ್ನು 18ರಿಂದ, ಎರಡನೆಯದನ್ನು 6ರಿಂದ ಭಾಗಿಸಬೇಕು. ಸೋಡಿಯಂ 143, ಪೊಟ್ಯಾಸಿಯಂ 4.5, ಗ್ಲೂಕೋಸ್ 108, ಯೂರಿಯಾ 36 ಎಂಬ ವರದಿಯೊಂದನ್ನು ಊಹಿಸಿಕೊಂಡರೆ, ಪ್ರತಿಯೊಂದು ಅಂಕಿಯೂ ತನ್ನಷ್ಟಕ್ಕೆ ಸಹಜ ಮಿತಿಯೊಳಗೇ ಇದೆ. ಒಟ್ಟು ಲೆಕ್ಕ ಮಾತ್ರ 301ಕ್ಕೆ ಮುಟ್ಟುತ್ತದೆ. ಸೋಡಿಯಂ ಸರಿಯಿದೆಯೆಂದು ಕಡತ ಮುಚ್ಚುವ ಪದ್ಧತಿಯ ಅಪಾಯ ಇರುವುದು ಇಲ್ಲೇ.

ಗ್ಲೂಕೋಸ್ ಅಥವಾ ಯೂರಿಯಾ ತೀರ ಏರಿದ್ದಾಗ ಈ ಮೊತ್ತವನ್ನು ಎಚ್ಚರದಿಂದ ಓದಬೇಕು. ಭೇದಿ ಅಥವಾ ರಕ್ತಸ್ರಾವದಿಂದಾದ ಕೊರತೆಯಲ್ಲಂತೂ ಸಾಂದ್ರತೆ ಏರದೆಯೂ ಇರಬಹುದಾದ್ದರಿಂದ, ಅಲ್ಲಿ ನಾಡಿ, ಗುಳಿಬಿದ್ದ ಕಣ್ಣು, ಗೊಂದಲ, ಕೈಕಾಲುಗಳ ನಿಶ್ಶಕ್ತಿ ಮುಂತಾದ ಹಲವು ಲಕ್ಷಣಗಳನ್ನು ಒಟ್ಟಾಗಿಯೇ ತೂಗಬೇಕಾಗುತ್ತದೆ. ಉಳಿದಂತೆ, ನಾಲ್ಕೂ ಪರೀಕ್ಷೆಗಳು ಬಹುತೇಕ ವೃದ್ಧ ರೋಗಿಗಳಿಗೆ ದಾಖಲಾದ ದಿನವೇ ಆಗಿರುವುದರಿಂದ, ಪ್ರಯೋಗಾಲಯದ ಗಣಕವೇ ಈ ಮೊತ್ತವನ್ನು ವರದಿಯಲ್ಲಿ ಮುದ್ರಿಸುವಂತೆ ಮಾಡಲು ಹೊಸ ರಕ್ತದ ಮಾದರಿಯಾಗಲಿ ಹೊಸ ಉಪಕರಣವಾಗಲಿ ಬೇಕಿಲ್ಲ.