ಕೋಮಲ ಸ್ವರದ ಗುರುತು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಭಜನೆಯಿರಲಿ, ನಾಟಕವಿರಲಿ, ಪೇಟಿಯ ಶ್ರುತಿಯಿಲ್ಲದೆ ಹಾಡು ಮೇಲೇಳದು. ಅಮೀರಬಾಯಿ ಕರ್ನಾಟಕಿಯವರ ಕಂಠವನ್ನು ನಾಡಿಗೆ ಕೊಟ್ಟದ್ದು ಇದೇ ಬೀಳಗಿ. ಆದರೆ ಈ ಕಡೆಯ ಪೇಟಿವಾದಕರ ಮುಂದೆ ಪಿಯಾನೊ ಸ್ವರಲಿಪಿಯ ಪುಸ್ತಕವನ್ನಿಟ್ಟರೆ, ಐದು ಗೆರೆಗಳ ಆರಂಭದಲ್ಲಿರುವ ಗುರುತುಗಳನ್ನು ಕಂಡು ಹಿಂಜರಿಯುತ್ತಾರೆ. ಇದು ನಮ್ಮ ವಿದ್ಯೆಯಲ್ಲವೆಂದು ಮುಚ್ಚಿಡುತ್ತಾರೆ. ಆ ಗುರುತುಗಳ ಚರಿತ್ರೆ ಬೇರೆಯೇ ಮಾತನ್ನು ಹೇಳುತ್ತದೆ.

11ನೆಯ ಶತಮಾನದಲ್ಲಿ ಇಟಲಿಯ ಅರೆತ್ಸೊ ಪಟ್ಟಣದ ಗ್ವೀದೊ ಎಂಬ ಬೆನೆಡಿಕ್ಟಿನ್ ಸನ್ಯಾಸಿ, ಗಾಯಕರು ಸ್ತೋತ್ರಗಳನ್ನು ಬೇಗ ಕಲಿಯಲೆಂದು ಸ್ವರಗಳನ್ನು ಗೆರೆಗಳ ಮೇಲೆ ಬರೆಯುವ ಕ್ರಮವನ್ನು ರೂಢಿಗೆ ತಂದನು. ಸ್ನಾನಿಕ ಯೊವಾನ್ನರ ಸ್ತೋತ್ರವೊಂದರಿಂದ ಊತ್, ರೇ, ಮೀ ಎಂಬ ಸ್ವರನಾಮಗಳನ್ನು ಆರಿಸಿದನು. ಅಂದಿನ ದೇವಾಲಯ ಗಾಯನದಲ್ಲಿ ‘ಬಿ’ ಸ್ವರಕ್ಕೆ ಎರಡು ಸ್ಥಾನಗಳಿದ್ದವು. ತಗ್ಗಿನದನ್ನು ದುಂಡು ‘ಬಿ’ಯಿಂದಲೂ ಎತ್ತರದ್ದನ್ನು ಚೌಕ ‘ಬಿ’ಯಿಂದಲೂ ಸೂಚಿಸುತ್ತಿದ್ದರು. ದುಂಡಗಿನದೇ ಇಂದಿನ ಫ್ಲ್ಯಾಟ್. ಚೌಕದಿಂದ ನ್ಯಾಚುರಲ್ ಮತ್ತು ಶಾರ್ಪ್ ಹುಟ್ಟಿದವು. ದುಂಡು ‘ಬಿ’ಗೆ ಲ್ಯಾಟಿನ್ನಿನಲ್ಲಿ ‘ಮೊಲ್ಲೆ’, ಅಂದರೆ ಮೃದು ಎಂದು ಹೆಸರು. ನಾವು ಕೋಮಲವೆಂದು ಕರೆಯುವುದೂ ಅದನ್ನೇ ಅಲ್ಲವೆ?

ನಮ್ಮಲ್ಲಿಯೂ ಇಂಥ ಶ್ರಮ ನಡೆಯಿತು. ಜಮಖಂಡಿಯಂತೆ ಪಟವರ್ಧನರ ಸಂಸ್ಥಾನವಾಗಿದ್ದ ಕುರುಂದವಾಡದಲ್ಲಿ 1872ರಲ್ಲಿ ಜನಿಸಿದ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಂಧರ್ವ ಮಹಾವಿದ್ಯಾಲಯವನ್ನು ತೆರೆದು, ತಮ್ಮದೇ ಸ್ವರಲಿಪಿಯಿಂದ ಕಲಿಸಿದರು. ಭಾತಖಂಡೆಯವರು ಕೋಮಲ ಸ್ವರದ ಕೆಳಗೆ ಅಡ್ಡಗೆರೆಯನ್ನೂ ತೀವ್ರ ಮಧ್ಯಮದ ಮೇಲೆ ನೆಟ್ಟಗೆರೆಯನ್ನೂ ಎಳೆದರು.

ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಳ್ಳೋಣ. ಶುದ್ಧ ಸ್ವರಗಳ ಬಿಲಾವಲಕ್ಕೆ ಯಾವ ಗುರುತೂ ಬೇಡ. ಖಮಾಜಕ್ಕೆ ಒಂದು ಫ್ಲ್ಯಾಟ್, ಕಾಫಿಗೆ ಎರಡು, ಆಸಾವರಿಗೆ ಮೂರು, ಭೈರವಿಗೆ ನಾಲ್ಕು: ನಿ, ಗ, ಧ, ರಿ. ಪಾಶ್ಚಾತ್ಯರು ಫ್ಲ್ಯಾಟ್‌ಗಳನ್ನು ಬರೆಯುವ ಅನುಕ್ರಮವೂ ಇದೇ! ಕಲ್ಯಾಣದ ತೀವ್ರ ಮಧ್ಯಮಕ್ಕೆ ಒಂದು ಶಾರ್ಪ್ ಸಾಕು. ಆರಂಭದ ಗುರುತು ಕೃತಿಯುದ್ದಕ್ಕೂ, ಎಲ್ಲ ಸಪ್ತಕಗಳಿಗೂ ಅನ್ವಯಿಸುತ್ತದೆ. ರಿ, ಧ ಮಾತ್ರ ಕೋಮಲವಾದ ಭೈರವವು ಈ ಅನುಕ್ರಮಕ್ಕೆ ಒಗ್ಗದು. ಅಂಥಲ್ಲಿ ಸ್ವರದ ಪಕ್ಕದಲ್ಲೇ ಗುರುತನ್ನು ಬರೆಯುತ್ತಾರೆ. ಅದರ ಅಧಿಕಾರ ಆ ಸಪ್ತಕದಲ್ಲಿ, ಮುಂದಿನ ಲಂಬಗೆರೆಯವರೆಗೆ ಮಾತ್ರ. ನ್ಯಾಚುರಲ್ ಬಂದರೆ ಸ್ವರವು ಬಿಳಿ ಮನೆಗೆ ಮರಳುತ್ತದೆ.

ಷಡ್ಜವನ್ನು ಬಿಳಿ ಎರಡಕ್ಕೆ ಸರಿಸಿದರೆ ಶುದ್ಧ ಗಾಂಧಾರ, ನಿಷಾದಗಳು ಕರಿ ಮನೆಗಳ ಮೇಲೆ ಬೀಳುತ್ತವೆ. ಆರಂಭದಲ್ಲಿ ಎರಡು ಶಾರ್ಪ್ ಬರೆಯುವುದು ಅದಕ್ಕಾಗಿಯೇ. ಪೇಟಿವಾದಕರ ಬೆರಳಿಗೆ ಇದು ಹಿಂದಿನಿಂದಲೂ ಗೊತ್ತು, ಕಣ್ಣಿಗಷ್ಟೇ ಹೊಸದು.

ಪೇಟಿಯೂ ಪರದೇಶದಿಂದ ಬಂದದ್ದೇ. 1842ರಲ್ಲಿ ಪ್ಯಾರಿಸ್ಸಿನ ದಬೆನ್ ಅದಕ್ಕೆ ಹಕ್ಕುಪತ್ರ ಪಡೆದನು. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. 1971ರಲ್ಲಿ ಭಾಗಶಃ ಒಳಗೆ ಕರೆಯಿತು. ಅಷ್ಟು ವರ್ಷವೂ ನಮ್ಮ ಹಳ್ಳಿಗಳು ಅದನ್ನು ಕೈಬಿಡಲಿಲ್ಲ. ಹಾಗೆ ಪರವಾದ್ಯವನ್ನು ಮನೆಯದಾಗಿಸಿಕೊಂಡವರಿಗೆ ಅದರ ಲಿಪಿ ಪರಕೀಯವಾಗಬೇಕಿಲ್ಲ. ಗಾಯನವೃಂದದ ಮಕ್ಕಳು ಈ ಪುಸ್ತಕವನ್ನು ತೆರೆಯುವಾಗ, ಊರಿನ ಹಿರಿಯ ಪೇಟಿವಾದಕರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ.